'ಬರೀ ಕಪ್ಪು ಬಳಿದಿದ್ದಾನೆ, ಏನರ್ಥ ಸಾರ್?'

ಚಿತ್ರಕಲಾ ಶಿಬಿರ ಮುಗಿಸಿ ಬಣ್ಣದ ಡಬ್ಬಿ ಕಟ್ಟುವ ಹೊತ್ತಿಗೆ ಯಾರಾದರೂ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. ಹೆಡ್‌ಮಾಸ್ಟರಿರಬಹುದು, ಮಗುವಿನ ತಾಯಿ ಇರಬಹುದು. ಕೈಯಲ್ಲೊಂದು ಚಿತ್ರ. 'ಸಾರ್, ಇವನು ಬರೀ ಕಪ್ಪು ಬಳಿದಿದ್ದಾನೆ. ಏನರ್ಥ?'

22 ವರ್ಷದಿಂದ ಡ್ರಾಯಿಂಗ್ ಮೇಷ್ಟ್ರಾಗಿದ್ದೇನೆ. ನನ್ನ ಉತ್ತರ ಬದಲಾಗಿಲ್ಲ. ನನಗೆ ಗೊತ್ತಿಲ್ಲ, ಅವನನ್ನೇ ಕೇಳಿ. ಇದು ಯಾರಿಗೂ ಹಿಡಿಸುವುದಿಲ್ಲ. ಕಪ್ಪು ಅಂದರೆ ಖಿನ್ನತೆ, ಕೆಂಪು ಅಂದರೆ ಸಿಟ್ಟು ಅಂತ ಮೊಬೈಲಿನಲ್ಲಿ ಪಟ್ಟಿ ನೋಡಿಕೊಂಡೇ ಬಂದಿರುತ್ತಾರೆ. ನಾನು ಹೂಂ ಅನ್ನಬೇಕು, ಅಷ್ಟೆ.

ಕೆಲವು ವರ್ಷದ ಹಿಂದೆ ಬಯಲುಸೀಮೆಯ ಒಂದು ಶಾಲೆಗೆ ಹೋಗಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಶೀಟಿನ ತುಂಬ ಕಪ್ಪು ಕ್ರೇಯಾನ್ ತಿಕ್ಕಿದ್ದ. ಮೂಲೆಯಲ್ಲೊಂದು ಹಳದಿ ಚುಕ್ಕೆ. ಸಂಜೆಯೊಳಗೆ ಸ್ಟಾಫ್ ರೂಮಿನಲ್ಲಿ ಅವನಿಗೆ ಡಿಪ್ರೆಶನ್ ಅಂತ ತೀರ್ಮಾನ ಆಗಿಹೋಗಿತ್ತು. ಕ್ಲಾಸಲ್ಲಿ ತೂಕಡಿಸ್ತಾನೆ, ಯಾರ ಜೊತೆಗೂ ಸೇರಲ್ಲ, ಎಲ್ಲ ತಾಳೆ ಆಗುತ್ತೆ ಅಲ್ವಾ ಅಂದರು.

ನಾನು ಹೋಗಿ ಅವನ ಪಕ್ಕ ನೆಲದ ಮೇಲೆ ಕೂತೆ. 'ಇದರಲ್ಲಿ ಏನೇನಿದೆ, ಹೇಳ್ತೀಯಾ?'

'ಹೊಲ ಸಾರ್. ರಾತ್ರಿ. ಇದು ನಮ್ಮಪ್ಪನ ಬ್ಯಾಟ್ರಿ.'

ಆ ಊರಿಗೆ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ನಡುರಾತ್ರಿ ಕಳೆದ ಮೇಲೆ. ಆಗಲೇ ಮೋಟಾರು ಹಾಕಿ ನೀರು ಕಟ್ಟಬೇಕು. ಕತ್ತಲಲ್ಲಿ ಹಾವಿನ ಭಯ. ಅಪ್ಪ ಒಬ್ಬನೇ ಹೋಗಬಾರದು ಅಂತ ಇವನೂ ಹೋಗುತ್ತಿದ್ದ. ಬೆಳಗಾದರೆ ಶಾಲೆ. ತೂಕಡಿಸದೆ ಇನ್ನೇನು ಮಾಡುತ್ತಾನೆ?

ಹುಡುಗನಿಗೆ ಕಷ್ಟ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಇತ್ತು. ನಿದ್ದೆ ಇರಲಿಲ್ಲ, ಅಪ್ಪನಿಗೆ ಏನಾದರೂ ಆದರೆ ಅನ್ನುವ ಹೆದರಿಕೆ ಇತ್ತು. ಆದರೆ ಅದು ನಮಗೆ ಗೊತ್ತಾಗಿದ್ದು ಅವನು ಬಾಯಿಬಿಟ್ಟು ಹೇಳಿದ್ದರಿಂದ. ಚಿತ್ರ ಕಪ್ಪಾಗಿದ್ದದ್ದು ರಾತ್ರಿ ಕಪ್ಪಾಗಿರುತ್ತದೆ ಅಂತ. ಎಷ್ಟೋ ಸಲ ಅಷ್ಟೂ ಕಾರಣ ಇರುವುದಿಲ್ಲ. ಪಕ್ಕದವಳು ನೀಲಿ ಎತ್ತಿಕೊಂಡಿರುತ್ತಾಳೆ, ಡಬ್ಬಿಯಲ್ಲಿ ಉಳಿದದ್ದು ಕಪ್ಪು.

ತಿರುಗಿಸಿ ನೋಡಿದರೂ ಅಷ್ಟೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಅನ್ನುವ ಊರಿತ್ತು. ಅಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರ ಬರೆಸುತ್ತಿದ್ದರು. 1944ರಲ್ಲಿ ಅವರನ್ನು ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಜ್‌ಗೆ ಸಾಗಿಸಿ ಕೊಂದರು. ಮಕ್ಕಳ ಸುಮಾರು 4,500 ಚಿತ್ರಗಳು ಎರಡು ಸೂಟ್‌ಕೇಸಿನಲ್ಲಿ ಉಳಿದವು, ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಮ್ಮಿನಲ್ಲಿವೆ. ಅವುಗಳಲ್ಲಿ ಹೂವಿವೆ, ಚಿಟ್ಟೆಯಿವೆ, ಮನೆಗಳಿವೆ. ಬಣ್ಣದ ಪಟ್ಟಿ ಹಿಡಿದು ಹೊರಟರೆ ಆ ಮಕ್ಕಳು ಖುಷಿಯಾಗಿದ್ದರು ಅನ್ನಬೇಕಾಗುತ್ತದೆ. ಹೇಳಿ, ಆಗುತ್ತಾ?

ಹಾಗಾದರೆ ಚಿತ್ರ ಬರೆಸುವುದರಿಂದ ಉಪಯೋಗ ಏನು ಅಂತೀರಿ. ಕೈಗೆ ಕೆಲಸ ಇದ್ದಾಗ, ಕಣ್ಣು ಕಾಗದದ ಮೇಲಿದ್ದಾಗ, ಹದಿನಾಲ್ಕು ಹದಿನೈದರ ಮಕ್ಕಳಿಗೆ ಮಾತು ಸಲೀಸು. ಎದುರಿಗೆ ಕೂರಿಸಿಕೊಂಡು 'ಏನಾಯ್ತು ಹೇಳು' ಅಂದರೆ ಒಂದಕ್ಷರ ಬರಲ್ಲ. ಅದಕ್ಕೇ ಬ್ರಷ್ ತೊಳೆಯುವ ಕೆಲಸಕ್ಕೆ ನಾನು ಅವಸರ ಮಾಡುವುದಿಲ್ಲ. ನಾಲ್ಕು ಮಕ್ಕಳಿಗೆ ಒಂದೇ ಬಕೆಟ್ ಇಡುತ್ತೇನೆ. ಮನೆಯಲ್ಲಿ ತನಗೆ ಮದುವೆ ಮಾತು ನಡೆಯುತ್ತಿದೆ ಅಂತ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನಗೆ ಹೇಳಿದ್ದು ಆ ಬಕೆಟ್ಟಿನ ಹತ್ತಿರ. ಅವಳ ಚಿತ್ರದಲ್ಲಿದ್ದದ್ದು ಒಂದು ತೆಂಗಿನ ಮರ.

'ಯಾಕೆ ಕಪ್ಪು?' ಅಂತ ಕೇಳಬೇಡಿ. ತಪ್ಪು ಮಾಡಿದೆ ಅಂದುಕೊಂಡು ಮೇಲೆ ಬಿಳಿ ಬಳಿಯುತ್ತಾರೆ. 'ಇದರ ಬಗ್ಗೆ ಹೇಳ್ತೀಯಾ?' ಅನ್ನಿ. ಇಲ್ಲ ಅಂದರೆ ಸುಮ್ನೆ ಜೊತೆಗೆ ಕೂತಿರಿ.

ಒಂದು ಎಚ್ಚರಿಕೆ ಹೇಳಲೇಬೇಕು. ನಾನು ಮೇಷ್ಟ್ರು, ಡಾಕ್ಟರಲ್ಲ. ಮಗು ಜೀವ ಬೇಡ ಅನ್ನುವ ಮಾತಾಡಿದರೆ ಅದು ಚಿತ್ರದ ಕ್ಲಾಸಲ್ಲಿ ಬಗೆಹರಿಯುವುದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹತ್ತಿರದ ಮನೋವೈದ್ಯರಿಗೆ ತೋರಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಆದ್ದರಿಂದ 'ಯಾರಿಗೂ ಹೇಳಲ್ಲ' ಅಂತ ಮೊದಲೇ ಮಾತು ಕೊಡಬೇಡಿ.

ಇನ್ನು ಶಿಬಿರಗಳಲ್ಲಿ ಮಕ್ಕಳ ಕೈಲಿ ಮಾಡಿಸುವ ಪೋಸ್ಟರುಗಳ ವಿಷಯ. ಇಲ್ಲೂ ಅದೇ ತಪ್ಪು. ಮಕ್ಕಳನ್ನು ಕೇಳುವುದಿಲ್ಲ. ಘೋಷಣೆಯನ್ನು ದೊಡ್ಡವರೇ ಬರೆದು ತರುತ್ತಾರೆ, ಮಕ್ಕಳು ಬಣ್ಣ ತುಂಬುತ್ತಾರೆ, ಮೂರು ಬಹುಮಾನ, ಒಂದು ಗ್ರೂಪ್ ಫೋಟೋ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಮ್ಮ ದೇಶ 1992ರಲ್ಲಿ ಸೇರಿದೆ. ಅದರ 13ನೇ ವಿಧಿಯಲ್ಲಿ ಮಗು ತನ್ನ ಅನಿಸಿಕೆಯನ್ನು ಕಲೆಯ ಮೂಲಕವೂ ಹೇಳಬಹುದು ಅಂತ ಬಿಡಿಸಿ ಬರೆದಿದ್ದಾರೆ. ತನ್ನ ಅನಿಸಿಕೆ. ನಮ್ಮ ಘೋಷಣೆ ಅಲ್ಲ.

ಆ ಬಯಲುಸೀಮೆ ಶಾಲೆಯಲ್ಲಿ ಆಯೋಜಕರು ಕೊಟ್ಟಿದ್ದ ವಿಷಯ 'ವಿದ್ಯುತ್ ಉಳಿಸಿ'. ಹುಡುಗನ ಮಾತು ಕೇಳಿದ ಮೇಲೆ ಅದನ್ನು ಮಾಡಿಸಲು ನನಗೆ ಮನಸ್ಸು ಬರಲಿಲ್ಲ. ಎಂಟು ಶೀಟು ಅಂಟಿಸಿ, ಇಡೀ ಊರಿನ ನಕ್ಷೆ ಬರೆಯಿರಿ ಅಂದೆ. ಎಲ್ಲಿ ಇಷ್ಟ, ಎಲ್ಲಿ ಹೆದರಿಕೆ, ಗುರುತು ಹಾಕಿ. ಹುಡುಗಿಯರು ಬಸ್ ಸ್ಟಾಪಿನ ಕತ್ತಲೆ ದಾರಿ ಬರೆದರು, ಶಾಲೆಯ ಶೌಚಾಲಯಕ್ಕೆ ಚಿಲಕ ಇಲ್ಲದ್ದನ್ನು ಬರೆದರು. ಇವನು ತನ್ನ ಹೊಲ ಬರೆದ, ಮತ್ತೆ ಕಪ್ಪಾಗಿ. ಮಕ್ಕಳ ಗ್ರಾಮಸಭೆಗೆ ಅದನ್ನು ಒಯ್ದದ್ದು ಅವರೇ. ಯಾವ ಗುರುತಿನ ಕೆಳಗೂ ಹೆಸರು ಹಾಕಿಸಲಿಲ್ಲ. ಸಣ್ಣ ಊರು, ಮನೆಯ ಮಾತು ಬೀದಿಗೆ ಬಂದರೆ ಏಟು ತಿನ್ನುವುದು ಮಗುವೇ. ಯಾವ ಚಿತ್ರ ತೋರಿಸಬಹುದು, ಯಾವುದು ಬೇಡ ಅಂತ ಒಬ್ಬೊಬ್ಬರನ್ನೇ ಕೇಳಿದೆ. ಇಬ್ಬರು ಬೇಡ ಅಂದರು, ಅವು ಅವರ ಬ್ಯಾಗಿಗೇ ವಾಪಸ್ ಹೋದವು. ವಾಟ್ಸಾಪ್ ಸ್ಟೇಟಸ್ಸಿಗೆ ಫೋಟೋ ಹಾಕುವ ಮೊದಲು ನೀವೂ ಕೇಳಿ, ದಯವಿಟ್ಟು.

ಚಿಲಕ ಬೇಗ ಬಂತು. ಕರೆಂಟ್ ನಾನು ಆಮೇಲೆ ಹೋದಾಗಲೂ ರಾತ್ರಿಯೇ ಬರುತ್ತಿತ್ತು. ಆದರೆ ಮೊದಲ ಪೀರಿಯಡ್ಡಿನಲ್ಲಿ ಅವನು ತೂಕಡಿಸಿದರೆ ಮೇಷ್ಟ್ರುಗಳು ಈಗ ಎಬ್ಬಿಸಿ ನಿಲ್ಲಿಸುವುದಿಲ್ಲ.

ಬೇಸಿಗೆ ಶಿಬಿರಗಳಿಗೆ ಕ್ರೇಯಾನ್ ಕೊಡಿಸುವವರಲ್ಲಿ ಒಂದು ಕೇಳಿಕೆ. ಡಬ್ಬಿಯಲ್ಲಿ ಮೊದಲು ಮುಗಿಯುವುದು ಕಪ್ಪು. ಅದೊಂದನ್ನು ಬಿಡಿಯಾಗಿ ಸ್ವಲ್ಪ ಜಾಸ್ತಿ ಕೊಡಿಸಿ.