ಅಂಕಪಟ್ಟಿಯಲ್ಲಿ ಅದೃಷ್ಟದ ಪಾಲೆಷ್ಟು? ಬೇಸ್‌ಬಾಲ್ ತಂಡಗಳ ಸಮಬಲದ ಲೆಕ್ಕ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 2023ರಲ್ಲಿ ನೂರು ಗೆಲುವು ಮುಟ್ಟಿದ ತಂಡಗಳು ಮೂರು: ಅಟ್ಲಾಂಟಾ ಬ್ರೇವ್ಸ್ 104, ಬಾಲ್ಟಿಮೋರ್ ಓರಿಯೋಲ್ಸ್ 101, ಲಾಸ್ ಏಂಜಲೀಸ್ ಡಾಜರ್ಸ್ 100. ಪ್ಲೇಆಫ್ ಶುರುವಾದ ಮೇಲೆ ಈ ಮೂರೂ ಆಡಿದ ಮೊದಲ ಸರಣಿಯಲ್ಲೇ ಮನೆಗೆ ಹೋದವು. ಮೂರೂ ಸೇರಿ ಗೆದ್ದದ್ದು ಒಂದೇ ಒಂದು ಪಂದ್ಯ. ಫೈನಲ್ ಆದ ವರ್ಲ್ಡ್ ಸೀರೀಸ್‌ನಲ್ಲಿ ಎದುರಾದದ್ದು 90 ಪಂದ್ಯ ಗೆದ್ದಿದ್ದ ಟೆಕ್ಸಸ್ ರೇಂಜರ್ಸ್ ಮತ್ತು 84 ಗೆದ್ದಿದ್ದ ಅರಿಜೋನಾ ಡೈಮಂಡ್‌ಬ್ಯಾಕ್ಸ್. ಟೆಕ್ಸಸ್ 4–1ರಿಂದ ಕಪ್ ಎತ್ತಿತು. ಇದನ್ನು ನೋಡಿದವರಿಗೆ ಈ ಲೀಗ್‌ನಲ್ಲಿ ಎಲ್ಲ ತಂಡಗಳೂ ಸರಿಸಮ ಅನ್ನಿಸಬಹುದು. ಅದೇ ವರ್ಷ ಓಕ್‌ಲೆಂಡ್ 50 ಗೆದ್ದು 112 ಸೋತದ್ದನ್ನು ನೋಡಿದವರಿಗೆ ತಂಡಗಳ ನಡುವೆ ಅಜಗಜಾಂತರವಿದೆ ಅನ್ನಿಸುತ್ತದೆ. ಎರಡರಲ್ಲಿ ಯಾವುದು ನಿಜ ಎಂಬುದನ್ನು ಕಾಗದ, ಪೆನ್ಸಿಲ್, ಒಂದು ಕ್ಯಾಲ್ಕುಲೇಟರ್ ಇಟ್ಟುಕೊಂಡು ಅಳೆಯಬಹುದು.

ಮೊದಲು ಅಳತೆಗೋಲು ಬೇಕು. ಲೀಗ್‌ನಲ್ಲಿ 30 ತಂಡ, ತಂಡಕ್ಕೆ 162 ಪಂದ್ಯ, ಒಟ್ಟು 2,430 ಪಂದ್ಯ. ಈ 30 ತಂಡಗಳೂ ಬಲದಲ್ಲಿ ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ, ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದ ಹಾಗೆ ಎಂದು ಇಟ್ಟುಕೊಳ್ಳಿ. ಆಗಲೂ ಎಲ್ಲರೂ 81 ಗೆದ್ದು 81 ಸೋಲುವುದಿಲ್ಲ. ಗೆಲುವುಗಳ ಚೆದುರುವಿಕೆಯ ವರ್ಗ 162 × 0.5 × 0.5, ಅಂದರೆ 40.5. ಇದರ ವರ್ಗಮೂಲ 6.4. ಇದೇ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತಾರೆ ಎಂಬುದರ ಅಳತೆ. ಮೂರರಲ್ಲಿ ಎರಡು ಪಾಲು ತಂಡಗಳು 75ರಿಂದ 87 ಗೆಲುವುಗಳ ಒಳಗೆ ಬರುತ್ತವೆ, ಉಳಿದವು ಅದರಾಚೆ.

ಈ 6.4 ಸಣ್ಣ ಸಂಖ್ಯೆಯಂತೆ ಕಂಡರೂ ಅದರ ಪರಿಣಾಮ ಸಣ್ಣದಲ್ಲ. ಐದು ತಂಡಗಳ ಒಂದು ಡಿವಿಷನ್ (ಲೀಗ್‌ನೊಳಗಿನ ಗುಂಪು) ತೆಗೆದುಕೊಳ್ಳಿ. ಐದೂ ಸಂಪೂರ್ಣ ಸಮ ಎಂದಾದರೂ ಮೇಲಿನ ತಂಡ ಸರಾಸರಿಯಲ್ಲಿ 88ರ ಹತ್ತಿರ ಗೆಲ್ಲುತ್ತದೆ, ಕೆಳಗಿನದು 74ರ ಹತ್ತಿರ ನಿಲ್ಲುತ್ತದೆ. ಹದಿನಾಲ್ಕು ಪಂದ್ಯಗಳ ಅಂತರ! ಮೇಲಿನವರ ಮ್ಯಾನೇಜರ್‌ಗೆ ಹೊಗಳಿಕೆ, ಕೆಳಗಿನವರ ಮ್ಯಾನೇಜರ್‌ಗೆ ಕೆಲಸದಿಂದ ಬಿಡುಗಡೆ. ನಡುವೆ ಇದ್ದದ್ದು ಬರೀ ನಾಣ್ಯ. ಎರಡೇ ಸಮಬಲದ ತಂಡಗಳನ್ನು ಹೋಲಿಸಿದರೆ ಅವುಗಳ ಅಂತರದ ಮಾನಕ ವಿಚಲನೆ 9 ಗೆಲುವು. ಹಾಗಾಗಿ 87 ಗೆದ್ದ ತಂಡ 83 ಗೆದ್ದದ್ದಕ್ಕಿಂತ ಬಲಶಾಲಿ ಎಂದು ಅಂಕಪಟ್ಟಿ ನೋಡಿ ಹೇಳುವವರ ಮಾತಿಗೆ ಆಧಾರ ಬಹಳ ತೆಳು.

ಈಗ ನಿಜವಾದ 2023ರ ಪಟ್ಟಿ. ಪ್ರತಿ ತಂಡದ ಗೆಲುವಿನಿಂದ 81 ಕಳೆಯಿರಿ, ಬಂದದ್ದನ್ನು ವರ್ಗ ಮಾಡಿ. ಅಟ್ಲಾಂಟಾಕ್ಕೆ 23ರ ವರ್ಗ 529, ಓಕ್‌ಲೆಂಡ್‌ಗೆ 31ರ ವರ್ಗ 961, ಸ್ಯಾನ್ ಡಿಯೇಗೊಗೆ 82 – 81, ಅಂದರೆ 1. ಮೂವತ್ತನ್ನೂ ಕೂಡಿದರೆ 4,994. ಇದನ್ನು 30ರಿಂದ ಭಾಗಿಸಿದರೆ 166.5, ವರ್ಗಮೂಲ 12.9. ನಾಣ್ಯದ 6.4ಕ್ಕೆ ಹೋಲಿಸಿದರೆ ಎರಡು ಪಟ್ಟು. ಅರ್ಥಶಾಸ್ತ್ರಜ್ಞರಾದ ರೋಜರ್ ನೋಲ್ ಮತ್ತು ಜೆರಾಲ್ಡ್ ಸ್ಕಲ್ಲಿ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಅನುಪಾತ ಇದೇ: 1 ಬಂದರೆ ಪೂರ್ಣ ಸಮಬಲ, ಹೆಚ್ಚಿದಷ್ಟೂ ಅಸಮತೆ.

ಇಲ್ಲಿಂದ ಮುಂದಿನ ಹೆಜ್ಜೆಯಲ್ಲಿ ತಪ್ಪುವವರು ಬಹಳ. ಅದೃಷ್ಟ ಕಳೆದರೆ ಉಳಿಯುವ ನಿಜಬಲದ ಚೆದುರುವಿಕೆ ಎಷ್ಟು ಎಂದು ಕೇಳಿದರೆ 12.9ರಿಂದ 6.4 ಕಳೆದು 6.5 ಎನ್ನುತ್ತಾರೆ. ಕಳೆಯಬೇಕಾದದ್ದು ವರ್ಗಗಳನ್ನು. 166.5ರಿಂದ 40.5 ಹೋದರೆ 126, ವರ್ಗಮೂಲ 11.2. ಅಂದರೆ 2023ರ ಪಟ್ಟಿಯ ಏರಿಳಿತದಲ್ಲಿ ಅದೃಷ್ಟದ ಪಾಲು 166.5ಕ್ಕೆ 40.5, ಸುಮಾರು ಶೇ 24. ಉಳಿದ ಮುಕ್ಕಾಲು ಭಾಗ ತಂಡಗಳ ನಿಜವಾದ ವ್ಯತ್ಯಾಸ. ಹಾಗಾಗಿ ಸರಿಸಮ ಎಂಬ ಮಾತು ನಿಲ್ಲುವುದಿಲ್ಲ. ಆದರೆ ಆ ವ್ಯತ್ಯಾಸದ ಬಹುಪಾಲು ಪಟ್ಟಿಯ ಎರಡು ತುದಿಗಳಲ್ಲಿದೆ. ನಡುವೆ, 82ರಿಂದ 92 ಗೆಲುವುಗಳ ಒಳಗೆ, 13 ತಂಡಗಳು ಒತ್ತೊತ್ತಾಗಿ ನಿಂತಿದ್ದವು. ಪ್ಲೇಆಫ್ ಜಾಗಕ್ಕಾಗಿ ಕಿತ್ತಾಡುವವರೆಲ್ಲ ಬಹುಮಟ್ಟಿಗೆ ಇವರೇ, ಮತ್ತು ಇವರಲ್ಲಿ ಯಾರು ಮುಂದೆ ಎಂಬುದನ್ನು ತೀರ್ಮಾನಿಸಲು 162 ಪಂದ್ಯ ಸಾಲುವುದಿಲ್ಲ.

ಒಂದೊಂದೇ ತಂಡದ ನಿಜಬಲ ಅಂದಾಜು ಮಾಡಲು ಸುಲಭ ಉಪಾಯವಿದೆ. ಆ ವರ್ಷದ ಲೆಕ್ಕದಂತೆ ಪ್ರತಿ ತಂಡದ ದಾಖಲೆಗೆ 52 ಕಾಲ್ಪನಿಕ ಪಂದ್ಯ ಸೇರಿಸಬೇಕು: 26 ಗೆಲುವು, 26 ಸೋಲು. 52 ಎಲ್ಲಿಂದ ಬಂತು ಎಂದರೆ, 11.2ನ್ನು 162ರಿಂದ ಭಾಗಿಸಿ ವರ್ಗ ಮಾಡಿ, ಬಂದದ್ದರಿಂದ 0.25ನ್ನು ಭಾಗಿಸಿದರೆ ಸಿಗುವ ಸಂಖ್ಯೆ. ಅಟ್ಲಾಂಟಾ 104ರ ಬದಲು 214ಕ್ಕೆ 130, ಅಂದರೆ 162 ಪಂದ್ಯಕ್ಕೆ 98 ಗೆಲುವಿನ ತಂಡವಾಗುತ್ತದೆ. ಓಕ್‌ಲೆಂಡ್ 50ರಿಂದ 57ರ ಆಸುಪಾಸಿಗೆ ಏರುತ್ತದೆ. ಏಪ್ರಿಲ್‌ನಲ್ಲಿ 20ರಲ್ಲಿ 15 ಗೆದ್ದ ತಂಡವನ್ನು ಕಂಡು ವರ್ಷಕ್ಕೆ 121 ಗೆಲ್ಲುತ್ತದೆ ಎಂದು ಹಿಗ್ಗುವವರು ಇದೇ ಲೆಕ್ಕ ಹಾಕಲಿ: 72ಕ್ಕೆ 41, ಅಂದರೆ 92ರ ತಂಡ. ಒಳ್ಳೆಯ ತಂಡವೇ, ಇತಿಹಾಸ ಬರೆಯುವಂಥದ್ದಲ್ಲ.

ಗೆಲುವಿನ ಎಣಿಕೆಗಿಂತ ಒಳಗಿನದನ್ನು ನೋಡಬೇಕೆಂದರೆ ರನ್‌ಗಳನ್ನು ಎಣಿಸಬೇಕು. ಕ್ರಿಕೆಟ್ ನೋಡುವವರಿಗೆ ನೆಟ್ ರನ್‌ರೇಟ್ ಗೊತ್ತು. ಬೇಸ್‌ಬಾಲ್‌ನಲ್ಲಿ ಗಳಿಸಿದ ರನ್ ಮತ್ತು ಬಿಟ್ಟುಕೊಟ್ಟ ರನ್‌ಗಳಿಂದ ನಿರೀಕ್ಷಿತ ಗೆಲುವನ್ನೇ ಲೆಕ್ಕ ಹಾಕುತ್ತಾರೆ. ಬೇಸ್‌ಬಾಲ್ ಅಂಕಿಅಂಶಗಳ ಬರಹಗಾರ ಬಿಲ್ ಜೇಮ್ಸ್ ಕೊಟ್ಟ ಸೂತ್ರ: ಗಳಿಸಿದ ರನ್‌ನ ವರ್ಗವನ್ನು, ಗಳಿಸಿದ್ದು ಮತ್ತು ಕೊಟ್ಟದ್ದು ಎರಡರ ವರ್ಗಗಳ ಮೊತ್ತದಿಂದ ಭಾಗಿಸುವುದು. 2023ರಲ್ಲಿ ಇದನ್ನು ಎರಡು ತಂಡಗಳ ಮೇಲೆ ಹಾಕಿ ನೋಡಿದರೆ ಕಣ್ಣು ತೆರೆಯುತ್ತದೆ. ಸ್ಯಾನ್ ಡಿಯೇಗೊ ಪಡ್ರೇಸ್ 752 ರನ್ ಗಳಿಸಿ 648 ಕೊಟ್ಟಿತ್ತು. ಸೂತ್ರದ ಪ್ರಕಾರ 93 ಗೆಲುವು, ಬಂದದ್ದು 82. ಮಯಾಮಿ ಮಾರ್ಲಿನ್ಸ್ 666 ಗಳಿಸಿ 723 ಕೊಟ್ಟಿತ್ತು. ಸೂತ್ರದ ಪ್ರಕಾರ 74, ಬಂದದ್ದು 84. ಪ್ಲೇಆಫ್‌ಗೆ ಹೋದದ್ದು ಮಯಾಮಿ!

ಎಲ್ಲಿ ಸೋರಿತು? ಒಂದು ರನ್ ಅಂತರದಲ್ಲಿ ಮುಗಿದ ಪಂದ್ಯಗಳಲ್ಲಿ. ಅಂಥ ಪಂದ್ಯಗಳಲ್ಲಿ ಸ್ಯಾನ್ ಡಿಯೇಗೊ 9 ಗೆದ್ದು 23 ಸೋತಿತು, ಮಯಾಮಿ 33 ಗೆದ್ದು 14 ಸೋತಿತು. ಸಮವಾಗಿ ನಿಂತು ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋದ ಪಂದ್ಯಗಳಲ್ಲಿ ಸ್ಯಾನ್ ಡಿಯೇಗೊ ಗೆದ್ದದ್ದು 2, ಸೋತದ್ದು 12. ಒತ್ತಡ ತಾಳಲಾರದ ತಂಡ ಎಂದು ಆಗ ಬರೆದವರು ಬಹಳ ಮಂದಿ. 32 ಪಂದ್ಯಕ್ಕೆ ನಾಣ್ಯದ ನಿರೀಕ್ಷೆ 16, ವಿಚಲನೆ 2.8, 9 ಎಂದರೆ ಎರಡೂವರೆ ವಿಚಲನೆ ಕೆಳಗೆ. ಅಪರೂಪ ಹೌದು, ಆದರೆ 30 ತಂಡಗಳಿರುವ ಲೀಗ್‌ನಲ್ಲಿ ಕೆಲವು ವರ್ಷಕ್ಕೊಮ್ಮೆ ಯಾರಿಗಾದರೂ ಆಗಲೇಬೇಕಾದದ್ದು. ಒಳ್ಳೆಯ ಕೊನೆ-ಹಂತದ ಪಿಚರ್‌ಗಳಿಂದ (ಚೆಂಡೆಸೆಯುವವರಿಂದ) ಒಂದೆರಡು ಗೆಲುವು ಹೆಚ್ಚು ಸಿಗಬಹುದು, ಹತ್ತು ಹನ್ನೊಂದಲ್ಲ. ಹೆಚ್ಚುವರಿ ಇನ್ನಿಂಗ್ಸ್‌ಗಳಲ್ಲಿ ಎರಡನೇ ಬೇಸ್‌ನಲ್ಲಿ, ಅಂದರೆ ರನ್‌ನ ಅರ್ಧ ದಾರಿಯಲ್ಲಿ, ಆಟಗಾರನನ್ನು ನಿಲ್ಲಿಸಿಯೇ ಆಟ ಶುರುಮಾಡುವ ನಿಯಮ 2020ರಿಂದ ಇರುವುದರಿಂದ ಅಲ್ಲಿ ಅದೃಷ್ಟ ಇನ್ನಷ್ಟು ಬೆರೆತಿದೆ.

ಬೇಸ್‌ಬಾಲ್‌ನ ರಚನೆಯೇ ಬಲಿಷ್ಠನ ಕೈ ಕಟ್ಟುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ನಿರ್ಣಾಯಕ ಹೊತ್ತಿನಲ್ಲಿ ಚೆಂಡನ್ನು ತಂಡದ ಅತ್ಯುತ್ತಮ ಆಟಗಾರನಿಗೇ ಕೊಡಬಹುದು. ಇಲ್ಲಿ ಒಂಬತ್ತು ಬ್ಯಾಟರ್‌ಗಳು ಸರದಿಯಲ್ಲೇ ಬರಬೇಕು. ಎಂಥ ಘಟಾನುಘಟಿಗೂ ಒಂಬತ್ತರಲ್ಲಿ ಒಂದು ಅವಕಾಶ. ಪಂದ್ಯದ ಮೇಲೆ ಅತಿ ಹೆಚ್ಚು ಹಿಡಿತವಿರುವ ಆರಂಭಿಕ ಪಿಚರ್‌ನ ಭುಜಕ್ಕೆ ವಿಶ್ರಾಂತಿ ಬೇಕಾದ್ದರಿಂದ ಐದು ಮಂದಿ ಸರದಿಯಲ್ಲಿ ಎಸೆಯುತ್ತಾರೆ. ಹಾಗಾಗಿ ದುರ್ಬಲ ತಂಡದ ಮೊದಲ ಪಿಚರ್, ಬಲಿಷ್ಠ ತಂಡದ ಐದನೆಯವನ ಎದುರು ನಿಂತ ದಿನ ಲೆಕ್ಕಾಚಾರವೇ ಬೇರೆ. ಇನ್ನು ದುಂಡು ಬ್ಯಾಟು, ದುಂಡು ಚೆಂಡು: ಹೋಮ್‌ರನ್ ಬಿಟ್ಟು, ಮೈದಾನದೊಳಗೆ ಬೀಳುವ ಹೊಡೆತಗಳಲ್ಲಿ ಸುಮಾರು ಶೇ 30 ಮಾತ್ರ ಹಿಟ್ ಆಗುತ್ತವೆ, ಅಂದರೆ ಬ್ಯಾಟರ್ ಔಟಾಗದೆ ಬೇಸ್ ಮುಟ್ಟುತ್ತಾನೆ. ತಾಗುವ ಜಾಗ ಕೂದಲೆಳೆಯಷ್ಟು ಸರಿದರೂ ಹಿಟ್ ಆಗಬೇಕಾದದ್ದು ಫೀಲ್ಡರ್ ಕೈಗೆ ಹೋಗುತ್ತದೆ.

ಇದನ್ನೆಲ್ಲ ಇಟ್ಟುಕೊಂಡು ಪ್ಲೇಆಫ್‌ಗೆ ಬನ್ನಿ. 2022ರಿಂದ 12 ತಂಡಗಳಿಗೆ ಪ್ರವೇಶ. ಮೇಜರ್ ಲೀಗ್‌ನೊಳಗೆ ಅಮೆರಿಕನ್, ನ್ಯಾಷನಲ್ ಎಂಬ ಎರಡು ಲೀಗ್‌ಗಳಿವೆ; ಪ್ರತಿಯೊಂದರ ಮೇಲಿನ ಎರಡು ಡಿವಿಷನ್ ವಿಜೇತರಿಗೆ ಮೊದಲ ಸುತ್ತಿನಿಂದ ವಿನಾಯಿತಿ. ಉಳಿದವರಿಗೆ ಮೂರು ಪಂದ್ಯದ ಸರಣಿ, ನಂತರ ಐದು, ನಂತರ ಏಳು, ಮತ್ತೆ ಏಳು. ಒಂದು ಪಂದ್ಯ ಗೆಲ್ಲುವ ಸಂಭವ ಶೇ 55 ಇರುವ ತಂಡಕ್ಕೆ ಮೂರರ ಸರಣಿ ಗೆಲ್ಲುವ ಸಂಭವ ಶೇ 57, ಐದರದ್ದು 59, ಏಳರದ್ದು 61. ಸರಣಿ ಉದ್ದ ಮಾಡಿದರೂ ಸಿಗುವ ಲಾಭ ಇಷ್ಟೇ. ವಿನಾಯಿತಿ ಪಡೆದು, ಪ್ರತಿ ಎದುರಾಳಿಗಿಂತಲೂ ಶೇ 55ರ ಮೇಲುಗೈ ಇರುವ ತಂಡ ಮೂರು ಸರಣಿ ದಾಟಿ ಕಪ್ ಗೆಲ್ಲುವ ಸಂಭವ ಶೇ 22 ಮಾತ್ರ. ಐದು ವರ್ಷದಲ್ಲಿ ನಾಲ್ಕು ಸಲ ಶ್ರೇಷ್ಠ ತಂಡ ಬರಿಗೈಲಿ ಹೋಗುತ್ತದೆ. ಮೇಲಿನ 52ರ ಉಪಾಯದಿಂದ ನಿಜಬಲ ತೆಗೆದು ನೋಡಿದರೆ, 2023ರಲ್ಲಿ ಅಟ್ಲಾಂಟಾ ತನ್ನ ಸರಣಿ ಸೋಲುವ ಸಂಭವ ಶೇ 38, ಬಾಲ್ಟಿಮೋರ್ 40, ಡಾಜರ್ಸ್ 36. ಮೂರೂ ಒಟ್ಟಿಗೆ ಸೋಲುವ ಸಂಭವ ಹದಿನೆಂಟರಲ್ಲಿ ಒಂದು. ಅಚ್ಚರಿ ಪಡಬಹುದು, ಪವಾಡವೇನಲ್ಲ.

ಆದ್ದರಿಂದಲೇ ಚಾಂಪಿಯನ್ ಬದಲಾಗುತ್ತಿರುವುದನ್ನು ಸಮಬಲಕ್ಕೆ ಸಾಕ್ಷಿ ಎಂದು ತೋರಿಸುವುದನ್ನು ಒಪ್ಪಲಾಗದು. 2001ರಿಂದ 2024ರವರೆಗಿನ 24 ವರ್ಷಗಳಲ್ಲಿ 16 ಬೇರೆ ಬೇರೆ ತಂಡಗಳು ಗೆದ್ದವು. ಸತತ ಎರಡು ವರ್ಷ ಯಾರೂ ಗೆಲ್ಲಲಿಲ್ಲ. 2024 ಮತ್ತು 2025 ಎರಡನ್ನೂ ಡಾಜರ್ಸ್ ಗೆದ್ದ ಮೇಲಷ್ಟೇ ಆ ಸರಪಳಿ ತುಂಡಾಯಿತು. ಅದೇ 24 ವರ್ಷಗಳೊಳಗೆ 2019 ಬರುತ್ತದೆ: ನಾಲ್ಕು ತಂಡಗಳು ನೂರಕ್ಕಿಂತ ಹೆಚ್ಚು ಗೆದ್ದವು, ನಾಲ್ಕು ನೂರಕ್ಕಿಂತ ಹೆಚ್ಚು ಸೋತವು. 2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ 121 ಪಂದ್ಯ ಸೋತಿತು. ಕಪ್‌ಗಳ ಹಂಚಿಕೆ ನಾಕೌಟ್‌ನ ಗುಣ. ತಂಡಗಳ ಬಲದ ಹಂಚಿಕೆ ಬೇರೆಯೇ ವಿಷಯ.

ದುಡ್ಡು ಇದಕ್ಕೆ ಪೂರ್ತಿ ಉತ್ತರವಲ್ಲ. ಈ ಲೀಗ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇಲ್ಲ, ಆದರೆ ಒಂದು ಗೆರೆ ದಾಟಿದರೆ ತೆರಿಗೆ ಇದೆ. 2023ರಲ್ಲಿ ಆ ಗೆರೆ 23.3 ಕೋಟಿ ಡಾಲರ್. ಋತುವಿನ ಆರಂಭಕ್ಕೆ 35 ಕೋಟಿ ಡಾಲರ್‌ ಆಸುಪಾಸಿನ ಸಂಬಳಪಟ್ಟಿ ಹಿಡಿದು ಬಂದ ನ್ಯೂಯಾರ್ಕ್ ಮೆಟ್ಸ್ ಗೆದ್ದದ್ದು 75. ಅದರ ಐದನೇ ಒಂದು ಭಾಗವೂ ಖರ್ಚು ಮಾಡದ ಬಾಲ್ಟಿಮೋರ್ 101. ಇದರ ಗುಟ್ಟು ಆಟಗಾರರ ಒಪ್ಪಂದದ ನಿಯಮದಲ್ಲಿದೆ. ಆಟಗಾರ ಮುಕ್ತನಾಗಿ ಬೇರೆಡೆ ಹೋಗಲು ಆರು ವರ್ಷದ ಸೇವೆ ಬೇಕು. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಹತ್ತಿರವೇ, 2023ರಲ್ಲಿ 7,20,000 ಡಾಲರ್. 2018ರಲ್ಲಿ 115 ಸೋತ ಬಾಲ್ಟಿಮೋರ್‌ಗೆ 2019ರ ಡ್ರಾಫ್ಟ್‌ನ (ಹೊಸ ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ವ್ಯವಸ್ಥೆ) ಮೊದಲ ಆಯ್ಕೆ ಸಿಕ್ಕಿತು, ಆಡ್ಲಿ ರಚ್‌ಮನ್ ಬಂದರು; ಅದೇ ಡ್ರಾಫ್ಟ್‌ನಲ್ಲಿ ಗನರ್ ಹೆಂಡರ್ಸನ್ ಕೂಡ. ಇಬ್ಬರೂ ಅಗ್ಗದ ವರ್ಷಗಳಲ್ಲೇ ತಂಡವನ್ನು ಎತ್ತಿದರು. ಸೋತವರಿಗೆ ಮೊದಲ ಆಯ್ಕೆ ಎಂಬುದು ಸಮಬಲಕ್ಕಾಗಿ ಮಾಡಿದ ನಿಯಮ, ಆದರೆ ಸೋಲುವುದೇ ಲಾಭವಾದರೆ ಪಟ್ಟಿಯ ಕೆಳತುದಿ ಇನ್ನೂ ಕೆಳಗೆ ಇಳಿಯುತ್ತದೆ. ಅದಕ್ಕೇ 2023ರ ಡ್ರಾಫ್ಟ್‌ನಿಂದ ಮೊದಲ ಆರು ಜಾಗಗಳಿಗೆ ಲಾಟರಿ.

ಈ ಲೆಕ್ಕ ಮಾಡುವಾಗ ಎಚ್ಚರ ಬೇಕಾದ ಜಾಗಗಳು ಇನ್ನೂ ಇವೆ. 2020ರಲ್ಲಿ ಕೋವಿಡ್‌ನಿಂದ ಆಡಿದ್ದು 60 ಪಂದ್ಯ. ಆಗ ನಾಣ್ಯದ ವಿಚಲನೆ ಗೆಲುವಿನ ಪ್ರಮಾಣದಲ್ಲಿ 0.065, 162 ಪಂದ್ಯಕ್ಕೆ ಅದು 0.039. ಡಾಜರ್ಸ್‌ನ 43–17 ದಾಖಲೆಯನ್ನು 116 ಗೆಲುವಿಗೆ ಸಮ ಎನ್ನುವುದು ಗಣಿತದ ಗುಣಾಕಾರ ಮಾತ್ರ. ಇನ್ನೊಂದು, ತಂಡದ ಬಲ ವರ್ಷವಿಡೀ ಒಂದೇ ಇರುವುದಿಲ್ಲ. 2023ರ ಜುಲೈ ಕೊನೆಗೆ ಆಸೆ ಬಿಟ್ಟ ಮೆಟ್ಸ್, ಮ್ಯಾಕ್ಸ್ ಶರ್ಜರ್ ಅವರನ್ನು ಟೆಕ್ಸಸ್‌ಗೆ ಕೊಟ್ಟಿತು. ಎರಡು ದಿನದಲ್ಲಿ ಜಸ್ಟಿನ್ ವರ್ಲ್ಯಾಂಡರ್ ಹ್ಯೂಸ್ಟನ್‌ಗೆ ಹೋದರು. ಆಗಸ್ಟ್ ನಂತರ ಮೇಲಿನವರು ಇನ್ನೂ ಗಟ್ಟಿ, ಕೆಳಗಿನವರು ಇನ್ನೂ ಸಡಿಲ. ಪಂದ್ಯಗಳ ಹಂಚಿಕೆಯೂ ಮುಖ್ಯ: 2023ರಿಂದ ಒಂದೇ ಡಿವಿಷನ್‌ನ ಎದುರಾಳಿಯೊಂದಿಗೆ 19ರ ಬದಲು 13 ಪಂದ್ಯ. ಹಿಂದೆ ದುರ್ಬಲ ಡಿವಿಷನ್‌ನಲ್ಲಿದ್ದವರಿಗೆ ಸಿಗುತ್ತಿದ್ದ ಸುಲಭದ ಗೆಲುವುಗಳು ಈಗ ಕಡಿಮೆ, ಹಾಗಾಗಿ ಹಳೆಯ ವರ್ಷಗಳ ಜೊತೆ ಹೋಲಿಸುವಾಗ ಇದನ್ನು ಮರೆಯಬಾರದು.

ಕೊನೆಯದಾಗಿ, ಒಂದು ವರ್ಷದ ಚೆದುರುವಿಕೆ ಎಷ್ಟೇ ನಿಖರವಾಗಿ ಗೊತ್ತಾದರೂ ಕೆಳಗಿರುವವರು ಪ್ರತಿ ವರ್ಷ ಅವರೇನಾ ಎಂಬುದನ್ನು ಅದು ಹೇಳದು. ಅಭಿಮಾನಿಗೆ ನೋವು ಕೊಡುವುದು ಇದೇ. ಬಾಲ್ಟಿಮೋರ್ 2021ರಲ್ಲಿ 110 ಸೋತು ಎರಡೇ ವರ್ಷದಲ್ಲಿ 101 ಗೆದ್ದಿತು. ಪಿಟ್ಸ್‌ಬರ್ಗ್ ಪೈರೇಟ್ಸ್ 1993ರಿಂದ 2012ರವರೆಗೆ ಸತತ 20 ವರ್ಷ ಗೆದ್ದದ್ದಕ್ಕಿಂತ ಹೆಚ್ಚು ಸೋತಿತು. ಡಾಜರ್ಸ್ 2013ರಿಂದ 2025ರವರೆಗೆ ಒಂದು ವರ್ಷವೂ ಪ್ಲೇಆಫ್ ತಪ್ಪಿಸಿಕೊಳ್ಳಲಿಲ್ಲ. ಇದನ್ನು ಅಳೆಯಲು ಒಂದು ವರ್ಷದ ಗೆಲುವುಗಳನ್ನು ಒಂದು ಸಾಲಿನಲ್ಲಿ, ಮುಂದಿನ ವರ್ಷದವನ್ನು ಪಕ್ಕದ ಸಾಲಿನಲ್ಲಿ ಬರೆದು ಎರಡರ ಸಹಸಂಬಂಧ ತೆಗೆಯಬೇಕು. ಸೊನ್ನೆಯ ಹತ್ತಿರ ಬಂದರೆ ಹಳೆಯ ಸೋಲು ಮುಂದಿನ ವರ್ಷಕ್ಕೆ ಅಂಟುವುದಿಲ್ಲ. ಒಂದರ ಹತ್ತಿರ ಬಂದರೆ ಸ್ಥಾನಗಳು ಗಟ್ಟಿಯಾಗಿ ಕೂತಿವೆ. ಆಟಗಾರರ ಒಕ್ಕೂಟ ಮತ್ತು ಮಾಲೀಕರ ನಡುವಿನ ಈಗಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಸಂಬಳಕ್ಕೆ ಮಿತಿ ಬೇಕೋ ಬೇಡವೋ ಎಂಬ ವಾದದಲ್ಲಿ ಮೇಜಿನ ಮೇಲೆ ಇಡಬೇಕಾದದ್ದು ಈ ಸಹಸಂಬಂಧ ಮತ್ತು ಆ 11.2, ಕಪ್ ಗೆದ್ದವರ ಪಟ್ಟಿಯಲ್ಲ.