14 ದಿನಗಳ ಲೆಕ್ಕ: ಹಿಮಾಲಯದ ಎತ್ತರಕ್ಕೆ ಸೈನಿಕರ ಮೈ ಒಗ್ಗುವ ಬಗೆ

1962ರ ಚೀನಾ ಯುದ್ಧದ ಅಕ್ಟೋಬರ್‌ನಲ್ಲಿ, ಇಂದಿನ ಅರುಣಾಚಲದ ಗಡಿಯಲ್ಲಿರುವ ನಮ್ಕಾ ಚು ಹೊಳೆಯ ದಂಡೆಯಲ್ಲಿದ್ದ ಭಾರತದ 7ನೇ ಬ್ರಿಗೇಡ್‌ನ ಬಹುತೇಕ ಯೋಧರು ತೊಟ್ಟಿದ್ದು ಹತ್ತಿಬಟ್ಟೆಯ ಸಮವಸ್ತ್ರ. ಬಯಲಿನಿಂದ ಅವಸರದಲ್ಲಿ ಬಂದವರಿಗೆ ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಲು ಸಮಯ ಸಿಗಲಿಲ್ಲ. ಹತ್ತಿರದ ತ್ಸಾಂಗ್‌ಧರ್‌ನಲ್ಲಿ ವಿಮಾನಗಳು ಉದುರಿಸಿದ ಸಾಮಗ್ರಿಯಲ್ಲಿ ಬಹಳಷ್ಟು ಕಮರಿಗಳ ಪಾಲಾಯಿತು. ಎದುರಿದ್ದ ಚೀನೀ ಪಡೆ ಟಿಬೆಟ್ ಪ್ರಸ್ಥಭೂಮಿಯಲ್ಲೇ ಇದ್ದು ಪಳಗಿತ್ತು. ಅಕ್ಟೋಬರ್ 20ರ ಸೋಲಿನ ಚರ್ಚೆಯಲ್ಲಿ ರಾಜಕಾರಣಕ್ಕೆ ಸಿಗುವ ಜಾಗ ಉಸಿರಿಗೆ ಸಿಗುವುದಿಲ್ಲ, ಅದು ಸರಿಯಲ್ಲ.

ಎಷ್ಟು ಮೇಲೇರಿದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು ಶೇ 21ರಷ್ಟೇ ಇರುತ್ತದೆ. ಕುಸಿಯುವುದು ಗಾಳಿಯ ಒತ್ತಡ. 18,000 ಅಡಿಯಲ್ಲಿ ಅದು ಸಮುದ್ರಮಟ್ಟದ ಅರ್ಧದಷ್ಟು. ಆಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಅವುಗಳೊಳಗೆ ಒತ್ತಡ ಏರಿ ದ್ರವ ಗಾಳಿಗೂಡುಗಳಿಗೆ ಸೋರುತ್ತದೆ. ಸೈನಿಕರು ‘ಹೇಪ್’ ಎನ್ನುವುದು ಇದನ್ನೇ. ಮೇಲೇರಿದ ಎರಡರಿಂದ ನಾಲ್ಕು ದಿನಗಳೊಳಗೆ, ಹೆಚ್ಚಾಗಿ ರಾತ್ರಿ, ಒಣಕೆಮ್ಮು ಮತ್ತು ಕೂತಲ್ಲೇ ಏದುಸಿರು ಕಾಣಿಸುತ್ತವೆ. ಕೊನೆಗೆ ಗುಲಾಬಿ ಬಣ್ಣದ ನೊರೆಕಫ. ಹಿಂದೆ ಇದನ್ನು ನ್ಯುಮೋನಿಯಾ ಎಂದು ಭಾವಿಸಿದ್ದುಂಟು. 1962ರ ಬಳಿಕ ಭಾರತೀಯ ಸೇನಾ ವೈದ್ಯರು 1,925 ಯೋಧರಲ್ಲಿ ಎತ್ತರದ ಕಾಯಿಲೆಯನ್ನು ಅಧ್ಯಯನ ಮಾಡಿ 1969ರಲ್ಲಿ ಪ್ರಕಟಿಸಿದ ವರದಿ ಇಂದಿಗೂ ಈ ವಿಷಯದ ಮೂಲಪಾಠಗಳಲ್ಲೊಂದು.

ಇಂದಿನ ಕ್ರಮ ಮೂರು ಹಂತದ್ದು. 9,000ದಿಂದ 12,000 ಅಡಿಯವರೆಗೆ 6 ದಿನ: ಮೊದಲೆರಡು ದಿನ ಬರೀ ವಿಶ್ರಾಂತಿ, ಆಮೇಲೆ ಸಮತಟ್ಟಿನಲ್ಲಿ ನಡಿಗೆ, ಕೊನೆಯೆರಡು ದಿನ ಸಣ್ಣ ಏರು. 15,000 ಅಡಿಯವರೆಗೆ ಇನ್ನು 4 ದಿನ, ಅದರಾಚೆ ಮತ್ತೆ 4. ಲೆಕ್ಕ ತಪ್ಪುವುದು ಹೆಚ್ಚಾಗಿ ಗಟ್ಟಿಮುಟ್ಟಾದ ಹುಡುಗರಿಂದಲೇ. ಎರಡನೇ ದಿನವೇ ‘ನಾನು ಚೆನ್ನಾಗಿದ್ದೇನೆ’ ಎಂದು ಭಾರ ಹೊರುತ್ತಾರೆ, ತಲೆನೋವನ್ನು ಮುಚ್ಚಿಡುತ್ತಾರೆ. ದೇಹದಾರ್ಢ್ಯ ಹೇಪ್‌ನಿಂದ ಕಾಪಾಡುವುದಿಲ್ಲ. ಮದ್ಯ, ನಿದ್ದೆಮಾತ್ರೆಗಳು ಉಸಿರಾಟವನ್ನು ಕುಗ್ಗಿಸಿ ಅಪಾಯ ಹೆಚ್ಚಿಸುತ್ತವೆ.

ಹೇಪ್‌ಗೆ ಮುಖ್ಯ ಚಿಕಿತ್ಸೆ ತಡಮಾಡದೆ ಕೆಳಗಿಳಿಸುವುದು. 1984ರ ಏಪ್ರಿಲ್ 13ರಂದು ಭಾರತೀಯ ಸೇನೆಯ ಕಾರ್ಯಾಚರಣೆ ಆಪರೇಷನ್ ಮೇಘದೂತ್ ಶುರುವಾದ ಸಿಯಾಚಿನ್‌ ಹಿಮನದಿಯಲ್ಲಿ ಕೆಳಗಿಳಿಸುವುದೇ ಕಷ್ಟ. ತೆಳುಗಾಳಿಯಲ್ಲಿ ಹೆಲಿಕಾಪ್ಟರ್‌ನ ರೋಟರ್‌ಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಶಕ್ತಿ ಕಡಿಮೆ. ಅತಿ ಎತ್ತರದ ಠಾಣೆಗಳಿಗೆ ಚೀತಾ ಹೆಲಿಕಾಪ್ಟರ್ ಒಯ್ಯುವ ಹೊರೆ ಕೆಲವೇ ಕಿಲೋ. ಹಿಮಗಾಳಿ ಎದ್ದರೆ ಅದೂ ಬರದು. ಆಗ ರೋಗಿಗೆ ಆಮ್ಲಜನಕ, ರಕ್ತನಾಳಗಳ ಬಿಗಿ ಸಡಿಲಿಸುವ ನಿಫೆಡಿಪಿನ್ ಮಾತ್ರೆ ಕೊಡುತ್ತಾರೆ. ಗಾಳಿ ತುಂಬಿ ಒತ್ತಡ ಏರಿಸುವ ಚೀಲದೊಳಗೆ ಮಲಗಿಸುತ್ತಾರೆ. ಚೀಲದೊಳಗಿನ ಒತ್ತಡ ಅವನನ್ನು ಸಾವಿರಾರು ಅಡಿ ಕೆಳಗಿಳಿಸಿದಷ್ಟೇ ನೆರವಾಗುತ್ತದೆ, ಆದರೆ ಹೊರಬಂದರೆ ತೊಂದರೆ ಮರಳಬಹುದು.

ಎಲ್ಲ ಅಪಾಯಕ್ಕೂ ಈ 14 ದಿನ ಉತ್ತರವಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ 19,600 ಅಡಿಯ ಸೋನಂ ಠಾಣೆಯ ಮೇಲೆ ಹಿಮ ಕುಸಿದಾಗ ಅಲ್ಲಿದ್ದ ಹತ್ತೂ ಮಂದಿ ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಂತ ಸಿಕ್ಕರೂ ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು.

ಒಮ್ಮೆ ಒಗ್ಗಿದ ಮೈ ಬಯಲಿಗಿಳಿದರೆ ಕೆಲವೇ ವಾರಗಳಲ್ಲಿ ಆ ಹದ ಕಳೆದುಕೊಳ್ಳುತ್ತದೆ. ರಜೆ ಮುಗಿಸಿ ವಿಮಾನದಲ್ಲಿ ಲೇಹ್‌ಗೆ ಬಂದಿಳಿಯುವ ಹಳೆಯ ಸೈನಿಕನಿಗೂ, ಲಡಾಖಿನಲ್ಲೇ ಹುಟ್ಟಿದವನಿಗೂ ಹೇಪ್ ಬಡಿಯಬಹುದು. ಹಾಗಾಗಿ ಅವರೂ ವಿಶ್ರಾಂತಿಯಿಂದಲೇ ಮತ್ತೆ ಶುರುಮಾಡಬೇಕು.