ಲೋಗನ್ ಕುಟುಂಬದ 400 ಎಕರೆ ಮತ್ತು ಅಂಗಡಿಯ ಖಾತೆ ಪುಸ್ತಕ

ಮಿಲ್ಡ್ರೆಡ್ ಟೇಲರ್ ಅವರ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ (1976) ಕಾದಂಬರಿಯಲ್ಲಿ ಲೋಗನ್ ಎಂಬ ಕಪ್ಪು ಕುಟುಂಬ ವ್ಯಾಲೇಸ್ ಸೋದರರ ಅಂಗಡಿಯನ್ನು ಬಹಿಷ್ಕರಿಸುತ್ತದೆ. ಒಂದು ಕಿರಾಣಿ ಅಂಗಡಿಗೆ ಹೋಗದಿದ್ದುದಕ್ಕೆ ಜಮೀನ್ದಾರ, ಬ್ಯಾಂಕು ಎಲ್ಲ ಸೇರಿ ಮೇಲೆ ಬೀಳುವುದೇಕೆ? ಕಥೆ ನಡೆಯುವ 1933ರ ಮಿಸಿಸಿಪಿಯ ಲೆಕ್ಕ ಗೊತ್ತಿಲ್ಲದಿದ್ದರೆ ಇದು ಅರ್ಥವಾಗುವುದಿಲ್ಲ.

ಬೇರು 1865ರಲ್ಲಿದೆ. ಆ ಜನವರಿಯಲ್ಲಿ, ಅಮೆರಿಕದ ಅಂತರ್ಯುದ್ಧದ ಕೊನೆಯಲ್ಲಿ, ಉತ್ತರದ ಸೇನೆಯ ಜನರಲ್ ಶೆರ್ಮನ್, ಜೀತದಿಂದ ಬಿಡುಗಡೆಯಾದ ಕುಟುಂಬಗಳಿಗೆ ಆಗ್ನೇಯ ಕರಾವಳಿಯಲ್ಲಿ ತಲಾ 40 ಎಕರೆವರೆಗೆ ಭೂಮಿ ಗೊತ್ತುಮಾಡಿದ. ವರ್ಷ ಮುಗಿಯುವುದರೊಳಗೆ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ಹಳೆಯ ಧಣಿಗಳಿಗೆ ಮರಳಿಸತೊಡಗಿದ. ಮಿಸಿಸಿಪಿಯಂತೂ ಕಪ್ಪು ಜನ ಪಟ್ಟಣದಾಚೆ ಜಮೀನು ಗೇಣಿಗೆ ಪಡೆಯಲೇಬಾರದೆಂದು ಕಾನೂನು ಮಾಡಿತು. ಆ ಕಾನೂನು ಬಹುಕಾಲ ಉಳಿಯಲಿಲ್ಲ. ಕೋರು ಬೇಸಾಯ ಉಳಿಯಿತು.

ಧಣಿಯದು ಭೂಮಿ, ಹೇಸರಗತ್ತೆ, ಬೀಜ; ರೈತನದು ಮೈಮುರಿತ. ಬೆಳೆ ಅರ್ಧರ್ಧ. ಹತ್ತಿ ಕೈಗೆ ಬರುವ ತನಕ ಹಿಟ್ಟು, ಹಂದಿಮಾಂಸ, ಬಟ್ಟೆ ಎಲ್ಲ ಧಣಿಯ ಜಾಮೀನಿನ ಮೇಲೆ ಅಂಗಡಿಯಿಂದ ಉದ್ರಿ. ಉದ್ರಿಯ ದರವೇ ನಗದಿಗಿಂತ ಹೆಚ್ಚು, ಮೇಲೆ ಬಡ್ಡಿ ಬೇರೆ. ಒಂದು ಕಲ್ಪಿತ ಲೆಕ್ಕ ನೋಡಿ: 500 ಪೌಂಡಿನ 6 ಬೇಲು ಹತ್ತಿ, ಆಗಿನ ಪಾತಾಳದ ಬೆಲೆ ಪೌಂಡಿಗೆ 6 ಸೆಂಟ್, ಒಟ್ಟು 180 ಡಾಲರ್. ರೈತನ ಪಾಲು 90. ತಿಂಗಳಿಗೆ 12ರಂತೆ ಆರು ತಿಂಗಳ ಉದ್ರಿ 72, ನೂರಕ್ಕೆ 10ರ ಬಡ್ಡಿ 7.20, ಗೊಬ್ಬರ ಮತ್ತು ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ) ಖರ್ಚಿನ ಪಾಲು 12. ವರ್ಷವಿಡೀ ದುಡಿದವನ ತಲೆಯ ಮೇಲೆ 1.20 ಡಾಲರ್ ಸಾಲ. ಆ 10 ನೋಡಲು ಸಣ್ಣದು, ಆದರೆ ಸಾಲ ನಿಲ್ಲುವುದು ಕೆಲವೇ ತಿಂಗಳು. ವರ್ಷದ ಲೆಕ್ಕಕ್ಕೆ ಬಡ್ಡಿ ಸುಮಾರು ಇಮ್ಮಡಿ. ಖಾತೆ ಬರೆಯುವವನು ಧಣಿಯ ಕಡೆಯವನು, ತಕರಾರು ಕೇಳಬೇಕಾದ, ಮತದಿಂದ ಆಯ್ಕೆಯಾಗುವ ಪೊಲೀಸ್ ಮುಖ್ಯಸ್ಥ ಶೆರಿಫ್‌ನೂ ಅವನ ಕಡೆಯವನೇ. ಮಿಸಿಸಿಪಿಯ 1890ರ ಸಂವಿಧಾನದ ತಲೆಗಂದಾಯ ಮತ್ತು ಓದಿನ ಪರೀಕ್ಷೆಯಿಂದ ಕಪ್ಪು ಜನರ ಮತ ಹೋಗಿತ್ತು. ಶೆರಿಫ್‌ಗೆ ಇವರ ಹಂಗೇ ಇರಲಿಲ್ಲ.

ಕಾದಂಬರಿಯ ಗಟ್ಟಿತನ ಇರುವುದು ಇಲ್ಲೇ. ಲೋಗನ್‌ಗಳಿಗೆ ಸ್ವಂತ ಜಮೀನಿದೆ, ತಂದೆಗೆ ರೈಲ್ವೆ ಕೂಲಿಯ ನಗದಿದೆ, ಹಾಗಾಗಿ ವಿಕ್ಸ್‌ಬರ್ಗ್‌ನಿಂದ ಸಾಮಾನು ತರಬಲ್ಲರು. ಬಹಿಷ್ಕಾರಕ್ಕೆ ಸೇರಿದ ಕೋರಿನ ನೆರೆಯವರಿಗೆ ಅದಿಲ್ಲ. ಜಮೀನ್ದಾರ ಗ್ರೇಂಜರ್ ತನ್ನ ಪಾಲನ್ನು ನೂರಕ್ಕೆ 50ರಿಂದ 60ಕ್ಕೆ ಏರಿಸುತ್ತಾನೆ, ಹಳೆಯ ಸಾಲಕ್ಕೆ ಜೈಲಿನ ಬೆದರಿಕೆ ಬರುತ್ತದೆ, ಬಹಿಷ್ಕಾರ ಒಡೆಯುತ್ತದೆ. ಲೋಗನ್‌ಗಳ ಅಡಮಾನದ ಬಾಕಿಯನ್ನು ಬ್ಯಾಂಕು ಒಮ್ಮೆಲೇ ಕೇಳುತ್ತದೆ. ಕೊಳ್ಳಿ ಹಿಡಿದು ಬಂದ ಗುಂಪಿಗಿಂತ ಈ ಬ್ಯಾಂಕಿನ ಕಾಗದವೇ ನನಗೆ ಹೆಚ್ಚು ಭಯಾನಕ.

1933ರಲ್ಲೇ ಸರ್ಕಾರ ಬೆಲೆ ಏರಿಸಲು ಸುಮಾರು 1 ಕೋಟಿ ಎಕರೆ ಹತ್ತಿಯನ್ನು ಉಳುಮೆ ಮಾಡಿಸಿ ಅಳಿಸಿತು. ಪರಿಹಾರದ ಚೆಕ್ ಹೋದದ್ದು ಧಣಿಗೆ. ಬಿತ್ತನೆ ಕಡಿಮೆಯಾದದ್ದೇ ನೆಪವಾಗಿ ಕೋರಿನವರು ಬೀದಿಗೆ ಬಿದ್ದರು. 1920ರಲ್ಲಿ 9 ಲಕ್ಷ ದಾಟಿದ್ದ ಕಪ್ಪು ರೈತರು 1997ರ ಹೊತ್ತಿಗೆ 20 ಸಾವಿರಕ್ಕೂ ಕಡಿಮೆ. ಆ ವರ್ಷ ಅವರು ಕೃಷಿ ಇಲಾಖೆಯ ಸಾಲ ವಿತರಣೆಯಲ್ಲಿನ ತಾರತಮ್ಯದ ವಿರುದ್ಧ ಪಿಗ್‌ಫರ್ಡ್ ಮೊಕದ್ದಮೆ ಹೂಡಿದರು. 1999ರ ರಾಜಿಯಂತೆ, ದಾವೆ ಒಪ್ಪಿತವಾದ ಬಹುತೇಕರಿಗೆ ಸಿಕ್ಕಿದ್ದು ತಲಾ 50,000 ಡಾಲರ್.